ತೀವ್ರ ಕೋಪಾವೇಶ ಹಾಗೂ ಮನಸ್ಥಿತಿಯ ಏರುಪೇರಿನ ಕಾಯಿಲೆ ಇರುವ ಮಕ್ಕಳ ಪಾಲನೆ: ಪಾಲಕರು ಮತ್ತು ಅರ್ಜಿದಾರರ ಗಮನಕ್ಕೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಸೊನ್ನ ಹಾಗೂ ಸುತ್ತಲಿನ ಗ್ರಾಮಗಳ ಪಾಲಕರಿಗೆ ಅನುಕೂಲವಾಗಲೆಂದು ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಮಗುವಿಗೆ ತೀವ್ರ ಮಾನಸಿಕ ಕಾಯಿಲೆ ಇದ್ದು, ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಲು ಬಯಸುವವರು ಇದನ್ನು ಪೂರ್ಣವಾಗಿ ಓದಿಕೊಳ್ಳಬೇಕಾಗಿ ಕೋರಲಾಗಿದೆ. ಇಂತಹ ಅರ್ಜಿಗಳಲ್ಲಿ ಎದುರಾಗುವ ದೊಡ್ಡ ತೊಡಕು ಒಂದೇ. ಮನೆಯಲ್ಲಿ ಬಾಗಿಲು ಮುರಿದ ಮಗು ತಪಾಸಣೆಯ ದಿನ ವೈದ್ಯರ ಮುಂದೆ ಶಾಂತವಾಗಿ ಕುಳಿತಿರುತ್ತದೆ. ನೋಡುವವರಿಗೆ ಕಾಯಿಲೆ ಕಾಣುವುದಿಲ್ಲ, ಪಾಲಕರ ಬಳಿ ತೋರಿಸಲು ದಾಖಲೆಯೂ ಇರುವುದಿಲ್ಲ.

ಕಾಯಿಲೆಯ ಸ್ವರೂಪ

ಸಿಟ್ಟು ಬಾರದ ಮಗುವಿಲ್ಲ. ಎರಡು ಮೂರು ವರ್ಷದ ಕೂಸು ನೆಲಕ್ಕೆ ಬಿದ್ದು ಹೊರಳಾಡಿ ಅಳುವುದು ಬೆಳವಣಿಗೆಯ ಒಂದು ಹಂತವೇ ಹೊರತು ರೋಗವಲ್ಲ. ಆದರೆ ಆರು ವರ್ಷ ದಾಟಿದ ಮೇಲೂ ಸಣ್ಣ ಕಾರಣಕ್ಕೆ ಅಳತೆ ಮೀರಿ ಬೈಯುವುದು, ವಸ್ತುಗಳನ್ನು ಒಡೆಯುವುದು, ತಾಯಿಯ ಅಥವಾ ಒಡಹುಟ್ಟಿದವರ ಮೇಲೆ ಕೈಮಾಡುವುದು ಸರಾಸರಿ ವಾರಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಬಾರಿ ನಡೆಯುತ್ತಿದ್ದರೆ ಅದನ್ನು ಹಠವೆಂದು ತಳ್ಳಿಹಾಕಬಾರದು. ನಡುವಿನ ದಿನಗಳಲ್ಲಿಯೂ ಮಗು ಬಹುತೇಕ ದಿನವಿಡೀ ಕಿರಿಕಿರಿಯಲ್ಲಿಯೇ ಇರುವುದು, ಮನೆ, ಶಾಲೆ, ಗೆಳೆಯರ ಬಳಗ ಇವುಗಳ ಪೈಕಿ ಕನಿಷ್ಠ ಎರಡು ಕಡೆ ಹೀಗೆ ವರ್ತಿಸುವುದು, ಒಂದು ವರ್ಷಕ್ಕೂ ಮೇಲ್ಪಟ್ಟು ಇದು ಮುಂದುವರಿಯುವುದು ಕಾಯಿಲೆಯ ಲಕ್ಷಣಗಳಾಗಿವೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಇದಕ್ಕೆ ಡಿಸ್ರಪ್ಟಿವ್ ಮೂಡ್ ಡಿಸ್‌ರೆಗ್ಯುಲೇಷನ್ ಡಿಸಾರ್ಡರ್, ಸಂಕ್ಷಿಪ್ತವಾಗಿ ಡಿ.ಎಂ.ಡಿ.ಡಿ. ಎಂಬ ಹೆಸರನ್ನು ನೀಡಲಾಯಿತು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯು ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಎಣಿಸದೆ, ಎದುರಾಡುವ ವರ್ತನೆಯ ಅಸ್ವಸ್ಥತೆಯ ಒಂದು ಬಗೆಯಾಗಿ ಪರಿಗಣಿಸುತ್ತದೆ. ಆದಕಾರಣ ಇಬ್ಬರು ವೈದ್ಯರ ಚೀಟಿಗಳಲ್ಲಿ ಎರಡು ಹೆಸರುಗಳು ಕಂಡುಬಂದರೆ ಪಾಲಕರು ಗಾಬರಿಗೊಳ್ಳಬೇಕಾಗಿಲ್ಲ. ಎರಡೂ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಬೈಪೋಲಾರ್ ಕಾಯಿಲೆ ಇದಕ್ಕಿಂತ ಭಿನ್ನವಾದುದು. ಅದರಲ್ಲಿ ಕಿರಿಕಿರಿ ಸದಾ ಇರುವುದಿಲ್ಲ. ಅಲೆಯಂತೆ ಬಂದು ಹೋಗುತ್ತದೆ. ಕೆಲವು ದಿನಗಳ ಕಾಲ ನಿದ್ರೆ ಇಲ್ಲದಿದ್ದರೂ ದಣಿವಿಲ್ಲ, ಮಾತು ನಿಲ್ಲುವುದಿಲ್ಲ, ತನ್ನಿಂದಾಗದ ಕಾರ್ಯವಿಲ್ಲವೆಂಬ ಹುಮ್ಮಸ್ಸು. ಬಳಿಕ ವಾರಗಟ್ಟಲೆ ಮಂಕು ಕವಿಯುತ್ತದೆ. ಎರಡರ ಔಷಧೋಪಚಾರ ಬೇರೆ ಬೇರೆ ಆಗಿರುವುದರಿಂದ ವ್ಯತ್ಯಾಸವನ್ನು ಗುರುತಿಸುವುದು ಮುಖ್ಯ. ಮೂರ್ಛೆರೋಗ, ಆಟಿಸಂ, ಗಮನ ನಿಲ್ಲದ ತೊಂದರೆ, ಬುದ್ಧಿಮಾಂದ್ಯತೆ, ಮನೆಯೊಳಗಿನ ಹೊಡೆದಾಟ ಇವುಗಳಿಂದಲೂ ಮಗು ಆವೇಶಕ್ಕೊಳಗಾಗಬಹುದು. ಇದನ್ನು ತಜ್ಞರೇ ಪರೀಕ್ಷಿಸಿ ನಿರ್ಧರಿಸತಕ್ಕದ್ದು.

ಇಂತಹ ಮಗುವಿನ ತಾಯಿಗೆ ಕಾಯಿಲೆಯ ಜೊತೆಗೆ ನೆರೆಹೊರೆಯವರ ಮಾತೂ ಹೊರೆಯಾಗುತ್ತದೆ. ಮುದ್ದು ಮಾಡಿ ಕೆಡಿಸಿದಳು ಎಂದು ಅರ್ಧ ಊರು, ಎರಡು ಬಿಗಿದರೆ ಸರಿಹೋಗುತ್ತದೆ ಎಂದು ಇನ್ನರ್ಧ ಊರು ಹೇಳುತ್ತದೆ. ಎರಡೂ ಸರಿಯಲ್ಲ. ಹೊಡೆತದಿಂದ ಈ ಕಾಯಿಲೆ ಕಡಿಮೆಯಾಗುವುದಿಲ್ಲ, ಬದಲಿಗೆ ಉಲ್ಬಣಿಸುತ್ತದೆ.

ಚಿಕಿತ್ಸೆ ದೊರೆಯುವ ಸ್ಥಳಗಳು

1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ನಮ್ಮದೇ ಭಾಗದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಸದರಿ ಕಾರ್ಯಕ್ರಮದ ಸೇವೆಯನ್ನು ಜಿಲ್ಲಾ ಆಸ್ಪತ್ರೆಯ ಮೂಲಕ ಪಡೆಯಬಹುದಾಗಿದೆ. 2014ರಲ್ಲಿ ರಾಜ್ಯ ಸರ್ಕಾರವು ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೆ ಭೇಟಿ ನೀಡುವ ಪದ್ಧತಿ ಏರ್ಪಟ್ಟಿತು. ಊರಿನಿಂದ ಹೊರಡುವ ಮುನ್ನ ಆಶಾ ಕಾರ್ಯಕರ್ತೆಯ ಮೂಲಕ ಭೇಟಿಯ ದಿನವನ್ನು ಖಚಿತಪಡಿಸಿಕೊಳ್ಳುವುದು ಒಳಿತು. ಒಂದು ದಿನದ ಕೂಲಿ ಬಿಟ್ಟು ಬಂದವರು ವೈದ್ಯರನ್ನು ಕಾಣದೆ ಮರಳುವುದು ಸಣ್ಣ ನಷ್ಟವಲ್ಲ. ಹೆಚ್ಚಿನ ಪರೀಕ್ಷೆ ಅಗತ್ಯವೆಂದು ವೈದ್ಯರು ಬರೆದುಕೊಟ್ಟಲ್ಲಿ ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಹೋಗಬಹುದು. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವಿದೆ.

ದೂರವಾಣಿಯ ಮೂಲಕ ಸಲಹೆ ಬೇಕಾದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತವಾಗಿದ್ದು, ಕನ್ನಡದಲ್ಲಿ ಮಾತನಾಡಬಹುದು.

ಅನೇಕ ಕುಟುಂಬಗಳು ಮಗುವನ್ನು ಮೊದಲು ದೇವಲ ಗಾಣಗಾಪುರಕ್ಕೋ ಕಲಬುರಗಿಯ ಖ್ವಾಜಾ ಬಂದೇ ನವಾಜ್ ದರ್ಗಾಕ್ಕೋ ಕರೆದೊಯ್ಯುತ್ತವೆ. ಹರಕೆ ಹೊರುವುದಕ್ಕೂ ಔಷಧಿ ತೆಗೆದುಕೊಳ್ಳುವುದಕ್ಕೂ ವಿರೋಧವಿಲ್ಲ. ಹರಕೆ ಹೊತ್ತೆವೆಂದು ಮಾತ್ರೆ ನಿಲ್ಲಿಸಬಾರದು, ಅಷ್ಟೆ. ಆದರೆ ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಬಡಿಗೆಯಿಂದ ಹೊಡೆಯುವುದು ಮುಂತಾದ ಕೃತ್ಯಗಳು 2020ರ ಜನವರಿಯಿಂದ ಜಾರಿಯಲ್ಲಿರುವ ರಾಜ್ಯದ ಅಮಾನವೀಯ ದುಷ್ಟ ಪದ್ಧತಿಗಳ ಪ್ರತಿಬಂಧಕ ಕಾಯ್ದೆಯಡಿ ಅಪರಾಧವಾಗಿವೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 95ನೇ ಪ್ರಕರಣವೂ ಮಾನಸಿಕ ಕಾಯಿಲೆ ಇರುವವರಿಗೆ ಯಾವುದೇ ರೀತಿಯಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಹೊಲಕ್ಕೆ ಹೋಗುವಾಗ ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲದ ಮನೆಯ ಸಂಕಟ ಅರ್ಥವಾಗತಕ್ಕದ್ದೇ. ಆದರೂ ಕಟ್ಟಿಹಾಕುವುದು ದಾರಿಯಲ್ಲ. ಇಂತಹ ಮನೆಯವರು ಈ ತೊಂದರೆಯನ್ನು ವೈದ್ಯರಲ್ಲಿಯೂ ಆಶಾ ಕಾರ್ಯಕರ್ತೆಯಲ್ಲಿಯೂ ಮುಚ್ಚುಮರೆಯಿಲ್ಲದೆ ಹೇಳಬೇಕು.

ಮಗುವನ್ನು ಒಳರೋಗಿಯಾಗಿ ದಾಖಲಿಸಿದಲ್ಲಿ ಅದನ್ನು ಅಲ್ಲಿಯೇ ಬಿಟ್ಟು ಬರಬೇಕಾಗುತ್ತದೆ ಎಂಬ ಭಯ ಬೇಡ. ಸದರಿ ಕಾಯ್ದೆಯ 87ನೇ ಪ್ರಕರಣದ ಅನ್ವಯ ಅಪ್ರಾಪ್ತ ವಯಸ್ಸಿನವರನ್ನು ವಯಸ್ಕರಿಂದ ಪ್ರತ್ಯೇಕವಾಗಿ ಇರಿಸತಕ್ಕದ್ದು ಮತ್ತು ಪಾಲಕರು ಅಥವಾ ಅವರು ನೇಮಿಸಿದವರು ದಾಖಲಾತಿಯ ಪೂರ್ಣ ಅವಧಿಯಲ್ಲಿ ಜೊತೆಗಿರತಕ್ಕದ್ದು. ಹೆಣ್ಣುಮಗುವಿನ ಪಾಲಕರು ಪುರುಷರಾಗಿದ್ದಲ್ಲಿ ಮಹಿಳೆಯೊಬ್ಬರನ್ನು ಜೊತೆಗಿರಲು ನೇಮಿಸಬೇಕು.

ಔಷಧಿಗಳ ಬಗ್ಗೆ

ಚಿಕಿತ್ಸೆಯಲ್ಲಿ ಪಾಲಕರಿಗೆ ನೀಡುವ ತರಬೇತಿಗೂ ಮಗುವಿನೊಂದಿಗೆ ನಡೆಸುವ ಆಪ್ತಸಮಾಲೋಚನೆಗೂ ಪ್ರಮುಖ ಸ್ಥಾನವಿದೆ. ಅಗತ್ಯವಿದ್ದಲ್ಲಿ ಮಾತ್ರೆಗಳನ್ನು ಬರೆದುಕೊಡಲಾಗುತ್ತದೆ. ರಿಸ್ಪೆರಿಡೋನ್‌ನಂತಹ ಮಾತ್ರೆಯಿಂದ ಹಸಿವು ಮತ್ತು ತೂಕ ಹೆಚ್ಚಬಹುದಾದ್ದರಿಂದ ಪ್ರತಿ ಭೇಟಿಯಲ್ಲಿ ತೂಕ ನೋಡಿಸಬೇಕು. ಲಿಥಿಯಂ ಮಾತ್ರೆ ಪಡೆಯುವ ಮಕ್ಕಳ ಪಾಲಕರು ವಿಶೇಷವಾಗಿ ಗಮನಿಸಬೇಕಾದ ಅಂಶವಿದೆ. ಬೇಸಿಗೆಯ ಬಿಸಿಲಿನಲ್ಲಿ ಬೆವರಿ ದೇಹದ ನೀರಿನ ಅಂಶ ಕಡಿಮೆಯಾದರೆ, ಅಥವಾ ವಾಂತಿ ಭೇದಿಯಾದರೆ, ರಕ್ತದಲ್ಲಿ ಲಿಥಿಯಂ ಪ್ರಮಾಣ ಏರಿ ಅಪಾಯವಾಗುತ್ತದೆ. ಕೈ ಜೋರಾಗಿ ನಡುಗುವುದು, ನಡಿಗೆ ತೊಡರುವುದು, ಮಾತು ತೊದಲುವುದು ಕಂಡಲ್ಲಿ ಕೂಡಲೇ ಆಸ್ಪತ್ರೆಗೆ ಕರೆತರಬೇಕು. ಮೈಕೈ ನೋವಿಗೆಂದು ಅಂಗಡಿಯಿಂದ ತಂದ ಐಬುಪ್ರೊಫೆನ್‌ನಂತಹ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬಾರದು. ನಿಗದಿತ ಕಾಲಕ್ಕೆ ರಕ್ತಪರೀಕ್ಷೆ ಮಾಡಿಸತಕ್ಕದ್ದು.

ದುಡಿಯಲು ಪುಣೆ, ಮುಂಬಯಿ, ಹೈದರಾಬಾದ್ ಕಡೆಗೆ ಹೋಗುವ ಕುಟುಂಬಗಳಲ್ಲಿ ಮಾತ್ರೆ ತಪ್ಪುವ ಸಂಭವ ಹೆಚ್ಚು. ಹೊರಡುವ ಮೊದಲು ವೈದ್ಯರಿಗೆ ತಿಳಿಸಿ, ಸಾಕಷ್ಟು ಮಾತ್ರೆ ಮತ್ತು ಚಿಕಿತ್ಸೆಯ ವಿವರವುಳ್ಳ ಚೀಟಿಯನ್ನು ಪಡೆದುಕೊಳ್ಳಬೇಕು.

ಮನೆಯಲ್ಲಿ ಅನುಸರಿಸಬೇಕಾದ ಕ್ರಮ

ಆವೇಶ ಏರಿದ ಹೊತ್ತಿನಲ್ಲಿ ಬುದ್ಧಿಮಾತು ಮಗುವಿನ ಕಿವಿಗೆ ಬೀಳುವುದಿಲ್ಲ. ಒಬ್ಬರೇ ಮಾತನಾಡಬೇಕು, ಅದೂ ಕಡಿಮೆ ದನಿಯಲ್ಲಿ, ಒಂದೆರಡು ಮಾತು ಮಾತ್ರ. ಚಿಕ್ಕ ಮಕ್ಕಳನ್ನು ಬೇರೆ ಕೋಣೆಗೆ ಅಥವಾ ಪಕ್ಕದ ಮನೆಗೆ ಕಳುಹಿಸಿ, ಕೈಗೆ ಸಿಗುವ ಹರಿತವಾದ ವಸ್ತುಗಳನ್ನು ಸರಿಸಿ, ಸ್ವಲ್ಪ ದೂರದಲ್ಲಿ ನಿಂತು ಕಾಯಬೇಕು. ಕೇಳಿದ್ದನ್ನು ಆ ಗಳಿಗೆಯಲ್ಲಿ ಕೊಟ್ಟು ಸುಮ್ಮನಾಗಿಸಿದರೆ ಮುಂದಿನ ಬಾರಿಗೂ ಅದೇ ದಾರಿಯಾಗುತ್ತದೆ. ಅಪ್ಪ ಬೇಡವೆಂದದ್ದನ್ನು ಅಜ್ಜಿ ಸೆರಗಿನ ಮರೆಯಲ್ಲಿ ಕೊಡುವ ಮನೆಗಳಲ್ಲಿ ಯಾವ ಚಿಕಿತ್ಸೆಯೂ ನಿಲ್ಲುವುದಿಲ್ಲ. ಆದ್ದರಿಂದ ಹಿರಿಯರನ್ನೂ ಒಮ್ಮೆ ವೈದ್ಯರ ಬಳಿಗೆ ಕರೆತರುವುದು ಸೂಕ್ತ. ಆವೇಶ ಇಳಿದ ಮೇಲೆ ಮಗು ತಾನೇ ನಾಚಿ ಮುದುಡಿಕೊಂಡಿರುತ್ತದೆ. ಆಗ ಹಂಗಿಸದೆ, ನೀರು ಕೊಟ್ಟು, ಏನಾಯಿತೆಂದು ಕೇಳಬೇಕು. ಸಿಟ್ಟು ತಡೆದುಕೊಂಡ ದಿನ ಅದನ್ನು ಗುರುತಿಸಿ ಹೇಳುವುದು ಬಹುಮಾನಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ತೊಗರಿ, ಹತ್ತಿ ಬೆಳೆಗೆ ಹೊಡೆಯುವ ಕೀಟನಾಶಕವನ್ನು ಇಂತಹ ಮಗು ಇರುವ ಮನೆಯೊಳಗೆ ಇಡಲೇಬಾರದು. ಬೇರೆಡೆ ಬೀಗ ಹಾಕಿ ಇಡಬೇಕು. ಮಗುವಿನ ಮಾತ್ರೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಸಾಯುತ್ತೇನೆ ಎಂದು ಮಗು ಹೇಳಿದಲ್ಲಿ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತಿಳಿಸಬೇಕು. ಪ್ರಾಣಾಪಾಯದ ಸಂದರ್ಭದಲ್ಲಿ 108 ಅಥವಾ 112ಕ್ಕೆ ಕರೆ ಮಾಡತಕ್ಕದ್ದು.

ದಿನವಹಿ ಬರೆದಿಡುವುದು

ಅಂಗಡಿಯವರು ದಿನದ ಜಮಾ ಖರ್ಚನ್ನು ಅಂದೇ ಬರೆಯುತ್ತಾರೆ. ವಾರದ ನಂತರ ನೆನಪಿನಿಂದ ಬರೆದ ಲೆಕ್ಕಕ್ಕೆ ಬೆಲೆಯಿಲ್ಲ. ಮಗುವಿನ ಆವೇಶದ ಲೆಕ್ಕಕ್ಕೂ ಇದು ಸಲ್ಲುತ್ತದೆ. ದಿನಾಂಕ, ವೇಳೆ, ಎಲ್ಲಿ ನಡೆಯಿತು, ಅದಕ್ಕೆ ಮೊದಲು ಏನಾಗಿತ್ತು, ಎಷ್ಟು ಹೊತ್ತು ನಡೆಯಿತು, ಯಾರಿಗೆ ಪೆಟ್ಟಾಯಿತು, ಹಿಂದಿನ ರಾತ್ರಿ ಎಷ್ಟು ನಿದ್ರೆ, ಮಾತ್ರೆ ತೆಗೆದುಕೊಂಡಿತ್ತೇ ಇಲ್ಲವೇ ಎಂಬುದನ್ನು ಒಂದೆರಡು ಸಾಲಿನಲ್ಲಿ ಬರೆಯಬೇಕು. ಏನೂ ನಡೆಯದ ದಿನವನ್ನೂ ಬರೆಯಬೇಕು. ಶಾಲೆಯ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳು ಸಾಕು. ಬರೆಯಲು ಬಾರದ ತಾಯಂದಿರು ಮಾವನ ಅಥವಾ ಮೈದುನನ ಕೈಯಲ್ಲಿ ಬರೆಸಬಹುದು, ಕ್ಯಾಲೆಂಡರ್ ಮೇಲೆ ಗುರುತು ಹಾಕಿದರೂ ಆದೀತು.

ಎರಡು ತಿಂಗಳ ದಿನವಹಿಯನ್ನು ನೋಡಿದರೆ, ಆವೇಶವು ಹಸಿವಿನ ಹೊತ್ತಿಗೋ, ಶಾಲೆಯಿಂದ ಬಂದ ಕೂಡಲೋ, ಮೊಬೈಲ್ ಕಸಿದುಕೊಂಡಾಗಲೋ ಬರುತ್ತಿದೆಯೆಂಬುದು ಪಾಲಕರಿಗೇ ತಿಳಿಯುತ್ತದೆ. ವೈದ್ಯರಿಗೆ ಔಷಧಿಯ ಪ್ರಮಾಣ ನಿರ್ಧರಿಸಲು ನೆರವಾಗುತ್ತದೆ. ತಪಾಸಣೆಯ ದಿನ ಮಗು ಶಾಂತವಾಗಿದ್ದರೂ ವೈದ್ಯರ ಮುಂದೆ ಇಡಲು ಒಂದು ದಾಖಲೆಯಿರುತ್ತದೆ.

ಅಂಗವೈಕಲ್ಯ ಪ್ರಮಾಣಪತ್ರ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಪಟ್ಟಿ ಮಾಡಿರುವ 21 ವಿಧದ ವೈಕಲ್ಯಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಒಂದಾಗಿದೆ. ಆಲೋಚನೆ, ಮನಸ್ಥಿತಿ, ಗ್ರಹಿಕೆ, ಜ್ಞಾಪಕಶಕ್ತಿ ಮುಂತಾದವುಗಳಲ್ಲಿ ಗಣನೀಯ ತೊಂದರೆಯುಂಟಾಗಿ, ದೈನಂದಿನ ಜೀವನದ ಸಾಮಾನ್ಯ ಅಗತ್ಯಗಳನ್ನು ಪೂರೈಸಿಕೊಳ್ಳುವ ಸಾಮರ್ಥ್ಯ ತೀವ್ರವಾಗಿ ಕುಂದಿರಬೇಕೆಂಬುದು ಕಾಯ್ದೆಯ ಆಶಯ. ಅರ್ಜಿಯನ್ನು ಯು.ಡಿ.ಐ.ಡಿ. ಜಾಲತಾಣದ ಮೂಲಕ, ಮಗುವಿನ ಭಾವಚಿತ್ರ, ಆಧಾರ್ ಮತ್ತು ವಾಸಸ್ಥಳದ ದಾಖಲೆಯೊಂದಿಗೆ ಸಲ್ಲಿಸತಕ್ಕದ್ದು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವನ್ನು ಪಡೆಯಬಹುದು.

ಅರ್ಜಿ ತುಂಬುವಾಗ ಎರಡು ತಪ್ಪುಗಳನ್ನು ತಪ್ಪಿಸಬೇಕು. ಮೊದಲನೆಯದು, ಮಾನಸಿಕ ಅಸ್ವಸ್ಥತೆ ಎಂದು ಆಯ್ಕೆ ಮಾಡಬೇಕಾದಲ್ಲಿ ಬುದ್ಧಿಮಾಂದ್ಯತೆ ಎಂದು ಗುರುತಿಸುವುದು. ಎರಡಕ್ಕೂ ತಪಾಸಣೆಯ ವಿಧಾನ ಬೇರೆ. ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದು ವಿಳಾಸ. ಸೊನ್ನ ಎಂಬ ಹೆಸರಿನ ಗ್ರಾಮ ಈ ಜಿಲ್ಲೆಯ ಒಂದಕ್ಕಿಂತ ಹೆಚ್ಚು ತಾಲ್ಲೂಕುಗಳಲ್ಲಿದೆ. ಭೀಮಾ ನದಿಯ ಬ್ಯಾರೇಜ್ ಇರುವುದು ಅಫಜಲಪುರ ತಾಲ್ಲೂಕಿನ ಸೊನ್ನ. ಆದ್ದರಿಂದ ಆಧಾರ್‌ನಲ್ಲಿಯೂ ಅರ್ಜಿಯಲ್ಲಿಯೂ ತಾಲ್ಲೂಕಿನ ಹೆಸರು ಒಂದೇ ಆಗಿದೆಯೇ ಎಂದು ಪರಿಶೀಲಿಸಿಕೊಳ್ಳತಕ್ಕದ್ದು.

ತಪಾಸಣೆಯಲ್ಲಿ ಐಡಿಯಾಸ್ ಎಂಬ ಮಾಪನವನ್ನು ಬಳಸಲಾಗುತ್ತದೆ. ಸ್ವಂತ ಆರೈಕೆ, ಇತರರೊಂದಿಗಿನ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕು ವಿಷಯಗಳಿಗೆ ಅದರಲ್ಲಿ ಅಂಕ ನೀಡಲಾಗುತ್ತದೆ. ಓದುವವರಿಗೆ ಕೆಲಸವೆಂದರೆ ವಿದ್ಯಾಭ್ಯಾಸ. ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದಕ್ಕೂ ಅಂಕವಿದೆ. ಅಂದರೆ ವೈದ್ಯರು ನೋಡುವುದು ಅಂದಿನ ಸಿಟ್ಟನ್ನಲ್ಲ. ಮಗುವಿನ ದಿನನಿತ್ಯದ ಬದುಕನ್ನು. ಮಗು ತಾನಾಗಿ ಸ್ನಾನ ಮಾಡುತ್ತದೆಯೇ, ಎಷ್ಟು ದಿನ ಶಾಲೆಗೆ ಹೋಗಿಲ್ಲ, ಓರಗೆಯ ಒಬ್ಬ ಗೆಳೆಯನಾದರೂ ಇದ್ದಾನೆಯೇ ಎಂಬ ಪ್ರಶ್ನೆಗಳಿಗೆ ಪಾಲಕರು ಸಂಕೋಚಪಡದೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಮರ್ಯಾದೆಗೆ ಅಂಜಿ ಎಲ್ಲ ಚೆನ್ನಾಗಿದೆ ಎನ್ನುವುದು ಮಗುವಿಗೇ ನಷ್ಟ. ದಿನವಹಿ, ಚಿಕಿತ್ಸೆಯ ಎಲ್ಲ ಚೀಟಿಗಳು, ಶಾಲೆಯ ಹಾಜರಾತಿಯ ವಿವರ ಇವುಗಳನ್ನು ಜೊತೆಗೆ ತರತಕ್ಕದ್ದು.

ಪ್ರಮಾಣ ಶೇಕಡಾ 40 ಮತ್ತು ಮೇಲ್ಪಟ್ಟಿದ್ದಲ್ಲಿ ಮಾಸಾಶನಕ್ಕಾಗಿ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಆದಾಯ ಮಿತಿ ಇತ್ಯಾದಿ ಷರತ್ತುಗಳು ಅನ್ವಯಿಸುತ್ತವೆ. ನಿರಾಮಯ ಆರೋಗ್ಯ ವಿಮೆಯ ಕುರಿತು ಸ್ಪಷ್ಟಪಡಿಸುವುದೇನೆಂದರೆ, ರಾಷ್ಟ್ರೀಯ ನ್ಯಾಸ ಕಾಯ್ದೆ 1999 ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯತೆ ಹಾಗೂ ಬಹುವಿಧ ವೈಕಲ್ಯಗಳಿಗೆ ಮಾತ್ರ ಸಂಬಂಧಿಸಿದೆ. ಮಾನಸಿಕ ಅಸ್ವಸ್ಥತೆ ಒಂದೇ ಇರುವ ಮಗುವಿಗೆ ಅದು ಅನ್ವಯಿಸುವುದಿಲ್ಲ.

ಶಾಲೆ

ಶಿಕ್ಷಣ ಹಕ್ಕು ಕಾಯ್ದೆ 2009ರ 16ನೇ ಪ್ರಕರಣದಂತೆ ಪ್ರಾಥಮಿಕ ಶಿಕ್ಷಣ ಅಂದರೆ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಪ್ರಕರಣದಂತೆ ದೈಹಿಕ ಶಿಕ್ಷೆ ಹಾಗೂ ಮಾನಸಿಕ ಹಿಂಸೆ ನಿಷಿದ್ಧ. ಮನೆಗೆ ಕರೆದುಕೊಂಡು ಹೋಗಿರಿ ಎಂದು ಬಾಯಿಮಾತಿನಲ್ಲಿ ಹೇಳಿದಲ್ಲಿ ಪಾಲಕರು ಅದನ್ನು ಬರಹದಲ್ಲಿ ಕೇಳಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಗಮನಕ್ಕೆ ತರಬಹುದು. ಆದರೆ ಶಿಕ್ಷಕರೊಂದಿಗೆ ಜಗಳಕ್ಕೆ ನಿಲ್ಲುವ ಮೊದಲು ವೈದ್ಯರ ಚೀಟಿ ತೋರಿಸಿ, ಆವೇಶದ ಮುನ್ಸೂಚನೆಗಳನ್ನು ತಿಳಿಸಿ, ಅಂತಹ ಹೊತ್ತಿನಲ್ಲಿ ಹೊರಗೆ ಕುಳಿತುಕೊಳ್ಳಲು ಒಂದು ಜಾಗ ಕೇಳಿದರೆ ಬಹಳಷ್ಟು ಕಡೆ ಒಪ್ಪುತ್ತಾರೆ.

ತಿರಸ್ಕೃತ ಅರ್ಜಿ ಹಾಗೂ ನವೀಕರಣ

ಪ್ರಮಾಣಪತ್ರ ನಿರಾಕರಿಸಿದಲ್ಲಿ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕೆಂದು ನಿಯಮವಿದೆ. ಸದರಿ ಪತ್ರವನ್ನು ಕೇಳಿ ಪಡೆಯತಕ್ಕದ್ದು. ಅದರ ಆಧಾರದ ಮೇಲೆ 2016ರ ಕಾಯ್ದೆಯ 59ನೇ ಪ್ರಕರಣದಡಿ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಲು ಅವಕಾಶವಿದೆ. ಮಕ್ಕಳ ಕಾಯಿಲೆ ಚಿಕಿತ್ಸೆಯಿಂದ ಸುಧಾರಿಸುವ ಸಾಧ್ಯತೆ ಇರುವುದರಿಂದ ಪ್ರಮಾಣಪತ್ರವನ್ನು ಅವಧಿ ನಮೂದಿಸಿ ನೀಡಬಹುದು. ಅವಧಿ ಮುಗಿದ ಮೇಲೆ ಅದರ ಆಧಾರದಲ್ಲಿ ದೊರೆಯುವ ಸೌಲಭ್ಯಗಳಿಗೆ ಅಡಚಣೆಯಾಗುವುದರಿಂದ, ಕಾರ್ಡಿನ ಮೇಲಿನ ದಿನಾಂಕವನ್ನು ಈಗಲೇ ನೋಡಿಟ್ಟುಕೊಂಡು, ಮುಗಿಯುವ ಕೆಲವು ತಿಂಗಳು ಮೊದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಆ ತಪಾಸಣೆಗೂ ದಿನವಹಿಯನ್ನು ತರಬೇಕು.