ಹಂಪಿ ಎರಡು ಸಲ ಖಾಲಿಯಾಯ್ತು

ಹಂಪಿಗೆ ನಾಲ್ಕು ಸಲ ಹೋಗಿದ್ದೀನಿ. ‘ಮತ್ತೆ ಅದೇ ಕಲ್ಲು ನೋಡೋಕಾ?’ ಅಂತಾರೆ ಆಫೀಸಲ್ಲಿ. ಕಲ್ಲು ಅದೇ, ಊರು ಬೇರೆ.

ಬಿಇ ಓದುವಾಗ ಹೋದಾಗ ವಿರೂಪಾಕ್ಷ ಗುಡಿ ಎದುರಿನ ಬಜಾರಿನ ಸಾಲು ಮಂಟಪಗಳಲ್ಲಿ ಜನ ಇದ್ರು: ಅಂಗಡಿ, ಒಲೆ, ಒಣಗಲು ಹಾಕಿದ ಬಟ್ಟೆ. 2011ರ ಜುಲೈನಲ್ಲಿ ಸ್ಮಾರಕ ಉಳಿಸಬೇಕು ಅಂತ ಅವರನ್ನ ಎಬ್ಬಿಸಿದರು, ಮನೆ-ಅಂಗಡಿ ಕೆಡವಿದರು. ಮುಂದಿನ ಸಲ ಹೋದಾಗ ಬರೀ ಕಂಬಗಳು.

1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ವಿಜಯನಗರದ ಬಗ್ಗೆ ಬರೆಯುವಾಗ ತುಂಬಿದ ಪೇಟೆಗಳನ್ನ ವರ್ಣಿಸಿದ್ದಾನೆ. 1565ರಲ್ಲಿ ರಕ್ಕಸತಂಗಡಿ ಯುದ್ಧ ಸೋತ ಮೇಲೆ ಆ ರಾಜಧಾನಿ ಖಾಲಿಯಾಯ್ತು. ನನಗೆ ಸಿಕ್ಕ ಗೈಡುಗಳ ಕತೆ ಅಲ್ಲಿಗೇ ಮುಗಿಯುತ್ತೆ.

ನೀವು ಹೋದ್ರೆ 2011ರದ್ದನ್ನೂ ಕೇಳಿ. ಪೇಟೆಯಲ್ಲಿ ಒಲೆ ಹಚ್ಚಿದವರೂ ಅದರ ಇತಿಹಾಸವೇ ಅಲ್ವಾ?