ಅಳಿಸುವ ಬರಹ, ಸೇರಿಸುವ ಬರಹ

ವ್ಯವಹಾರದ ಸ್ಥಿತಿ ಬದಲಾದಾಗ ಹಿಂದಿನ ಬರಹವನ್ನು ತೊಡೆದು ಅದೇ ಎಡೆಯಲ್ಲಿ ಹೊಸದನ್ನು ಬರೆಯಬೇಕೆ, ಅಥವಾ ಹಳೆಯದನ್ನು ಇದ್ದಂತೆಯೇ ಉಳಿಸಿ ಅದರ ಬಳಿ ಹೊಸದನ್ನು ಸೇರಿಸಬೇಕೆ ಎಂಬ ಪ್ರಶ್ನೆ, ಇಂದು ಗಣಕಯಂತ್ರದ ದಾಖಲೆಗಳನ್ನು ನಿರ್ವಹಿಸುವವರಿಗೆ ಎದುರಾಗುವಂತೆ, ನಮ್ಮ ನಾಡಿನ ಕರಣಿಕರಿಗೂ ವರ್ತಕರಿಗೂ ಶತಮಾನಗಳ ಹಿಂದೆಯೇ ಎದುರಾಗಿತ್ತು.

ಅಳಿಸಿ ಬರೆಯುವುದಕ್ಕೆ ಅವರಲ್ಲಿದ್ದ ಸಾಧನವು ಕಡತ. ಹತ್ತಿಯ ಬಟ್ಟೆಯ ಎರಡು ಮಗ್ಗುಲಿಗೂ ಹುಣಿಸೆಬೀಜದ ಅಂಟಿನಲ್ಲಿ ಕಲಸಿದ ಇದ್ದಿಲ ಪುಡಿಯನ್ನು ಬಳಿದು, ಒಣಗಿದ ಮೇಲೆ ಕತ್ತರಿಸದೆ ಒಂದರ ಮೇಲೊಂದು ಮಡಿಕೆಯಾಗಿ ಮಡಿಸಿ, ತುದಿಯ ಎರಡು ಮಡಿಕೆಗಳಿಗೆ ಮರದ ಹಲಗೆಗಳನ್ನು ಜೋಡಿಸುತ್ತಿದ್ದರು. ಆ ಕಪ್ಪು ಮೈಯ ಮೇಲೆ ಬಳಪದಿಂದ ಬರೆದದ್ದು ಬೆಳ್ಳಗೆ ಮೂಡುತ್ತಿತ್ತು, ಬೇಡವಾದಾಗ ಒರಸಿದರೆ ಹೋಗುತ್ತಿತ್ತು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ, ಹನ್ನೆರಡರಿಂದ ಹದಿನೆಂಟು ಅಡಿಗಳಷ್ಟು ಉದ್ದವಿರುತ್ತಿದ್ದ ಈ ಕಡತಗಳನ್ನು ವರ್ಣಿಸಿದ್ದಾನೆ. ದಿನದಿನಕ್ಕೂ ಏರಿಳಿಯುವ ಅಂಗಡಿಯ ಲೆಕ್ಕಕ್ಕೆ ಇದಕ್ಕಿಂತ ಅನುಕೂಲವಾದ ಸಾಧನವು ಬೇರೊಂದಿರಲಾರದು. ಏಕೆಂದರೆ ಅಲ್ಲಿ ಬೇಕಾದದ್ದು ಇಂದಿನ ಬಾಕಿ ಎಷ್ಟೆಂಬ ತಿಳಿವಳಿಕೆಯೇ ಹೊರತು ಕಳೆದ ವರ್ಷದ ಬಾಕಿಯ ವೃತ್ತಾಂತವಲ್ಲ.

ಹಕ್ಕಿನ ಮಾತಾದರೋ ಬೇರೆ. ಅದನ್ನು ಶಿಲೆಗೋ ತಾಮ್ರಕ್ಕೋ ಒಪ್ಪಿಸಿದರು. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಶಾಸನವು, ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ವಿಜಯನಗರದ ಅರಸು ಬುಕ್ಕರಾಯನು ಪರಿಹರಿಸಿದ ಬಗೆಯನ್ನು ಹೇಳುತ್ತದೆ: ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣವನ್ನು ತಿರುಮಲೆಯ ತಾತಯ್ಯನೆಂಬವನು ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಅಂಗರಕ್ಷಕರನ್ನು ನೇಮಿಸಿ, ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಅದೇ ಶಿಲೆಯಲ್ಲಿ ಆಮೇಲೆ ಸೇರಿಸಿದ ಸಾಲುಗಳೂ ಇವೆ. ಬುಸುವಿಸೆಟ್ಟಿಯೆಂಬವನು ರಾಯನಿಗೆ ಬಿನ್ನಹ ಮಾಡಿ ತಾತಯ್ಯನನ್ನು ಕರೆತಂದು ಜೀರ್ಣೋದ್ಧಾರ ಮಾಡಿಸಿದನೆಂದೂ, ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಅವು ತಿಳಿಸುತ್ತವೆ. ಮೊದಲಿನ ಕಟ್ಟಳೆಯ ಒಂದಕ್ಷರವನ್ನೂ ಕೆಡಿಸದೆ ಮುಂದಿನ ಸಂಗತಿಗೆ ಎಡೆ ದೊರೆತುದರಿಂದಲೇ ಎರಡನ್ನೂ ನಾವು ಇಂದು ಓದಬಲ್ಲೆವು.

ಆದರೆ ಸಾಧನವೇ ಸರ್ವಸ್ವವಲ್ಲ. ಶೃಂಗೇರಿಯ ಮಠದಲ್ಲಿ ಲೆಕ್ಕಪತ್ರಗಳನ್ನೂ ಪತ್ರವ್ಯವಹಾರದ ನಕಲುಗಳನ್ನೂ ಒಳಗೊಂಡ ಕಡತಗಳು ಬಹು ಸಂಖ್ಯೆಯಲ್ಲಿ ಉಳಿದುಬಂದು, ಇತಿಹಾಸಕಾರರಿಗೆ ಆಕರಗಳಾಗಿವೆ. ಬೆರಳ ತುದಿಯಿಂದ ಅಳಿಸಬಹುದಾಗಿದ್ದ ಅವು ಉಳಿದದ್ದು ಅಳಿಸಬಾರದೆಂಬ ವಿವೇಕವುಳ್ಳವರ ಕೈಯಲ್ಲಿ ಇದ್ದುದರಿಂದ.

ಈ ವಿವೇಕವು ಮುಂದೆ ಕಾನೂನಿನ ರೂಪವನ್ನೂ ತಳೆಯಿತು. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1903ರ ಹಕ್ಕುದಾಖಲೆಯ ಕಾನೂನಿನಿಂದ ಮೊದಲಾದ ಪದ್ಧತಿಯಲ್ಲಿ ಎರಡು ಬಗೆಯ ಬರಹಗಳೂ ಸಂಧಿಸಿದವು. ಜಮೀನು ಕೈ ಬದಲಾದಾಗ ರೈತನು ವರ್ದಿ ಕೊಡುವನು. ಅದು ಬದಲಾವಣೆಯ ವಹಿಯಲ್ಲಿ ಕ್ರಮಸಂಖ್ಯೆಯೊಡನೆ ಹೊಸ ನಮೂದಾಗಿ ಸೇರುವುದು. ತಕರಾರಿದ್ದರೆ ವಿಚಾರಣೆ ನಡೆದು, ಅಧಿಕಾರಿಯು ದೃಢೀಕರಿಸಿದ ಬಳಿಕವೇ ಹಕ್ಕಿನ ಪತ್ರದಲ್ಲಿ ಹೊಸ ಹೆಸರು ಕಾಣಿಸಿಕೊಳ್ಳುವುದು. ಆ ಹಕ್ಕಿನ ಪತ್ರದ ನಕಲಾದ ಉತಾರವು ಇಂದಿನ ಒಡೆಯನನ್ನು ತೋರಿಸಿದರೆ, ಅವನು ಒಡೆಯನಾದ ಬಗೆಯನ್ನು ವಹಿಯು ತೋರಿಸುತ್ತದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮವೂ ಇದೇ ವ್ಯವಸ್ಥೆಯನ್ನು ಉಳಿಸಿಕೊಂಡಿತು.

ಆದುದರಿಂದ, ದಾಖಲೆಯನ್ನಿಡುವವನು ಮೊದಲು ವಿಚಾರಿಸಬೇಕಾದದ್ದು ಬರೆಯುವ ಸೌಕರ್ಯವನ್ನಲ್ಲ, ಮುಂದೆ ಆ ಬರಹವನ್ನು ಪ್ರಶ್ನಿಸುವವರು ಇರುವರೇ ಎಂಬುದನ್ನು. ಯಾರೂ ಪ್ರಶ್ನಿಸದ ಲೆಕ್ಕವನ್ನು ಒರಸಿ ಬರೆದರೆ ದೋಷವಿಲ್ಲ. ಆದರೆ ಒಬ್ಬ ವಿಧವೆಯ ಪಾಲಾಗಲಿ, ಒಂದು ದೇಗುಲದ ದತ್ತಿಯಾಗಲಿ ಅವಲಂಬಿಸಿರುವ ಬರಹದಲ್ಲಿ ಹಳೆಯದನ್ನು ಅಳಿಸುವುದೆಂದರೆ, ಅನ್ಯಾಯವಾದಾಗ ಅದನ್ನು ಎತ್ತಿ ತೋರಿಸುವ ಸಾಕ್ಷಿಯನ್ನೇ ಇಲ್ಲವಾಗಿಸಿದಂತೆ.