ಬಂಧನಾಗಾರಗಳಲ್ಲಿ ಸ್ತ್ರೀರಕ್ಷಣೆ

ಅಪರಾಧಿಯನ್ನು ಸೆರೆಯಲ್ಲಿಡುವಾಗ ರಾಜ್ಯವು ಅವನ ಸ್ವಾತಂತ್ರ್ಯವನ್ನು ಮಾತ್ರ ತೆಗೆದುಕೊಳ್ಳತಕ್ಕದ್ದು. ಅವನ ಮಾನವು ರಾಜ್ಯದ ಸೊತ್ತಲ್ಲ. ಸೆರೆಯಾದವಳು ಸ್ತ್ರೀಯಾಗಿದ್ದರೆ ಈ ಭೇದವು ಮತ್ತಷ್ಟು ಮುಖ್ಯವಾಗುವುದು. ಅವಳ ಅನ್ನ, ನೀರು, ನಿದ್ರೆ, ಬಂಧುದರ್ಶನ ಎಲ್ಲವೂ ಕಾವಲುಗಾರನ ಅಧೀನದಲ್ಲಿರುವುವು. ಬೇಲಿಯೇ ಎದ್ದು ಹೊಲ ಮೇಯ್ದರೆ ಅವಳು ಯಾರಲ್ಲಿ ಮೊರೆಯಿಡಬೇಕು? ಈ ಪ್ರಶ್ನೆಯು ಹೊಸತಲ್ಲ.

ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ವಿಷಯವು ಎರಡು ಕಡೆ ಬಂದಿದೆ. ಬಂಧನಾಗಾರದಲ್ಲಿ ಸ್ತ್ರೀಪುರುಷರಿಗೆ ಪ್ರತ್ಯೇಕ ಸ್ಥಾನಗಳಿರಬೇಕೆಂದು ಎರಡನೆಯ ಅಧಿಕರಣವು ವಿಧಿಸುತ್ತದೆ. ಸೆರೆಯಲ್ಲಿರುವ ಸ್ತ್ರೀಯನ್ನು ಕೆಡಿಸಿದ ಅಧಿಕಾರಿಗೆ ನಾಲ್ಕನೆಯ ಅಧಿಕರಣದ ಒಂಬತ್ತನೆಯ ಅಧ್ಯಾಯವು ದಂಡವನ್ನು ಹೇಳುತ್ತದೆ. ದಾಸಿಯಾದರೆ ಪೂರ್ವಸಾಹಸ, ಕಳ್ಳನ ಅಥವಾ ದಂಗೆಕೋರನ ಹೆಂಡತಿಯಾದರೆ ಮಧ್ಯಮಸಾಹಸ, ಆರ್ಯಸ್ತ್ರೀಯಾದರೆ ಉತ್ತಮಸಾಹಸ. ಇವುಗಳಲ್ಲಿ ಅತ್ಯಂತ ದೊಡ್ಡದಾದ ಉತ್ತಮಸಾಹಸವೂ ಸಾವಿರ ಪಣಗಳನ್ನು ಮೀರದು. ಅದೇ ಕೃತ್ಯವನ್ನು ಸೆರೆಯಾಳು ಮಾಡಿದರೆ ಅಲ್ಲಿಯೇ ವಧೆ.

ಈ ವಿಧಿಯ ದೋಷವು ಸ್ಪಷ್ಟವಾಗಿದೆ. ಸ್ತ್ರೀಯ ಮಾನವು ಅವಳ ಕುಲಸ್ಥಿತಿಯಿಂದ ಅಳೆಯಲ್ಪಟ್ಟಿದೆ. ಸೆರೆಯಾಳಿಗೆ ಮರಣವಾದಲ್ಲಿ ಅಧಿಕಾರಿಗೆ ಹಣದ ದಂಡ ಸಾಕಾಗಿದೆ. ಆದರೆ ಗುಣವೊಂದನ್ನೂ ಗಮನಿಸಬೇಕು. ಇಲ್ಲಿ ಸ್ತ್ರೀಯ ಸಮ್ಮತಿಯ ಮಾತೇ ಎತ್ತಲ್ಪಟ್ಟಿಲ್ಲ. ಅವಳು ಸೆರೆಯಲ್ಲಿದ್ದಳು ಎಂಬುದೇ ಅಧಿಕಾರಿಯ ಅಪರಾಧಕ್ಕೆ ಸಾಕಾದ ಆಧಾರವಾಗಿದೆ.

ಆಧುನಿಕ ಕಾಲದಲ್ಲಿ ಈ ವಿಚಾರವನ್ನು ಮುಂದಕ್ಕೆ ತಂದವರಲ್ಲಿ ಎಲಿಜಬೆತ್ ಫ್ರೈ ಎಂಬಾಕೆಯು ಪ್ರಮುಖಳು. ಆಕೆ 1813ರಲ್ಲಿ ಲಂಡನ್ನಿನ ನ್ಯೂಗೇಟ್ ಸೆರೆಮನೆಯನ್ನು ಪ್ರವೇಶಿಸಿ ಸ್ತ್ರೀಬಂದಿಗಳ ದುರವಸ್ಥೆಯನ್ನು ಕಂಡಳು. ಸ್ತ್ರೀಯರನ್ನು ಸ್ತ್ರೀಯರೇ ಕಾಯಬೇಕೆಂಬ ತತ್ತ್ವವು 1823ರ ಆಂಗ್ಲ ಶಾಸನದಲ್ಲಿ ಸೇರಿತು. ಭಾರತದಲ್ಲಿ 1894ರ ಬಂದೀಖಾನೆ ಕಾಯಿದೆಯು ಸ್ತ್ರೀಬಂದಿಗಳನ್ನು ಪುರುಷರಿಂದ ಪ್ರತ್ಯೇಕಿಸಿತು. ಆದರೆ ಗೋಡೆಯು ಸೆರೆಯಾಳುಗಳನ್ನು ತಡೆಯಬಲ್ಲುದು. ಬೀಗದ ಕೈಯನ್ನು ಹಿಡಿದವನನ್ನು ತಡೆಯಲಾರದು.

ಇದಕ್ಕೆ ಪೊಲೀಸು ಠಾಣೆಯೊಂದರ ಪ್ರಕರಣವು ನಿದರ್ಶನ. 1972ರಲ್ಲಿ ಮಹಾರಾಷ್ಟ್ರದ ಠಾಣೆಯೊಂದರಲ್ಲಿ ಆದಿವಾಸಿ ಬಾಲೆಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತೆಂಬ ಮೊಕದ್ದಮೆಯಲ್ಲಿ ಉಚ್ಚ ನ್ಯಾಯಾಲಯವು ಶಿಕ್ಷೆ ವಿಧಿಸಿದ್ದರೂ 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆರೋಪಿಗಳನ್ನು ಬಿಡುಗಡೆ ಮಾಡಿತು. ಬಾಲೆಯ ಶರೀರದ ಮೇಲೆ ಗಾಯಗಳಿಲ್ಲದಿದ್ದುದು ಸಮ್ಮತಿಯ ಸೂಚನೆಯೆಂದು ಎಣಿಸಲ್ಪಟ್ಟಿತು. ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಮ್ವಾರ್ ಎಂಬ ನಾಲ್ವರು ಕಾನೂನು ಪಂಡಿತರು 1979ರಲ್ಲಿ ಬಹಿರಂಗ ಪತ್ರದಿಂದ ಇದನ್ನು ಖಂಡಿಸಿದರು. ಭಯದಿಂದ ಸುಮ್ಮನಿರುವುದು ಬೇರೆ, ಒಪ್ಪುವುದು ಬೇರೆ ಎಂಬುದೇ ಅವರ ವಾದದ ಸಾರ.

ಪರಿಣಾಮವಾಗಿ 1983ರಲ್ಲಿ ಕಾನೂನು ತಿದ್ದಲ್ಪಟ್ಟಿತು. ಬಂಧನದಲ್ಲಿ ಸಂಭೋಗವು ಸಿದ್ಧವಾಗಿ, ತಾನು ಒಪ್ಪಿರಲಿಲ್ಲವೆಂದು ಸ್ತ್ರೀಯು ಸಾಕ್ಷ್ಯ ನುಡಿದರೆ ನ್ಯಾಯಾಲಯವು ಹಾಗೆಯೇ ಭಾವಿಸತಕ್ಕದ್ದೆಂದಾಯಿತು. ಅಧಿಕಾರಬಲದಿಂದ ಸೆರೆಯವಳನ್ನು ಮರುಳುಗೊಳಿಸುವುದೂ ಪ್ರತ್ಯೇಕ ಅಪರಾಧವಾಯಿತು. ಅದೇ ವರ್ಷ ಶೀಲಾ ಬರ್ಸೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಠಾಣೆಗಳಲ್ಲಿ ಸ್ತ್ರೀಯರಿಗೆ ಪ್ರತ್ಯೇಕ ಕೊಠಡಿಯನ್ನೂ ಸ್ತ್ರೀಕಾವಲನ್ನೂ ಆಜ್ಞಾಪಿಸಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯು ಬಂಧನದ ಅತ್ಯಾಚಾರಕ್ಕೆ ಹತ್ತು ವರ್ಷಗಳಿಗೆ ಕಡಮೆಯಿಲ್ಲದ ಕಠಿಣ ಸಜೆಯನ್ನು ಉಳಿಸಿಕೊಂಡಿದೆ. ದಾಸಿ, ಆರ್ಯೆ ಎಂಬ ಭೇದವು ಇಲ್ಲಿಲ್ಲ.

ಆದರೂ ದಂಡವು ಕೃತ್ಯವು ನಡೆದ ಮೇಲಿನ ಮಾತು. ನ್ಯಾಯಮೂರ್ತಿ ವಿ. ಆರ್. ಕೃಷ್ಣಯ್ಯರ್ ಸಮಿತಿಯು 1987ರಲ್ಲಿ ಪೊಲೀಸು ಇಲಾಖೆಗೆ ಹೆಚ್ಚು ಸ್ತ್ರೀಯರನ್ನು ಸೇರಿಸಬೇಕೆಂದಿತು. ದೂರಿತ್ತ ಸ್ತ್ರೀಬಂದಿಗೆ ಪ್ರತೀಕಾರದಿಂದ ರಕ್ಷಣೆ ದೊರೆಯಬೇಕೆಂದು 2010ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಬ್ಯಾಂಕಾಕ್ ನಿಯಮಗಳು ಹೇಳುತ್ತವೆ. ಸುಧಾರಣೆಯ ಮೂಲವು ಇಲ್ಲಿದೆ. ಕಾವಲುಗಾರನ ಕೈಯಿಂದಲೇ ಸಾಗಬೇಕಾದ ದೂರು ದೂರಲ್ಲ. ಅವನನ್ನು ಬಿಟ್ಟು ಹೊರಗೆ ತಲಪುವ ದಾರಿಯು ಸೆರೆಯವಳಿಗೆ ತೆರೆದಿರುವವರೆಗೆ, ಕೌಟಿಲ್ಯನ ಕಾಲದಿಂದ ಬಂದ ವಿಧಿಗಳೆಲ್ಲವೂ ಬರಹವಾಗಿಯೇ ಉಳಿಯದೆ ರಕ್ಷೆಯಾಗಬಲ್ಲುವು.